ಮಾನಸಿಕ ಅನಾರೋಗ್ಯದ ಕಾರಣಗಳು: ತೇನಿ, ಕಂಬಂ ಕಣಿವೆ ಮತ್ತು ದಿಂಡಿಗಲ್

ಮನಸ್ಸಿನ ಕಾಯಿಲೆಗೆ ಒಂದೇ ಕಾರಣ ಇರುವುದು ವಿರಳ. ವಂಶದಿಂದ ಬಂದ ಒಲವು, ದೇಹದ ರೋಗ, ಬಾಲ್ಯದ ಅನುಭವ, ದುಡಿಮೆಯ ಸ್ಥಿತಿ, ಸಾಲ, ಹಿಂಸೆ, ವ್ಯಸನ ಇವುಗಳಲ್ಲಿ ಹಲವು ಕೂಡಿಬಂದಾಗ ಕಾಯಿಲೆ ತಲೆದೋರುತ್ತದೆ. ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ಮುಂದಿಟ್ಟ ಜೈವಿಕ–ಮಾನಸಿಕ–ಸಾಮಾಜಿಕ ಮಾದರಿ ಈ ಗ್ರಹಿಕೆಗೆ ಆಧಾರ. ಚಿಕಿತ್ಸಕರು ಕಾರಣಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ: ವ್ಯಕ್ತಿಯನ್ನು ಕಾಯಿಲೆಗೆ ಈಡುಮಾಡುವವು, ಕಾಯಿಲೆಯನ್ನು ಹೊರಗೆಡಹುವವು, ಬಂದ ಕಾಯಿಲೆ ವಾಸಿಯಾಗದಂತೆ ತಡೆಹಿಡಿಯುವವು. ತಮಿಳುನಾಡಿನ ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳ ಜನಜೀವನದಲ್ಲಿ ಈ ಮೂರೂ ಬಗೆಗಳಿಗೆ ಸ್ಪಷ್ಟ ಉದಾಹರಣೆಗಳಿವೆ.

ಪ್ರದೇಶ ಮತ್ತು ಜನ

ಹಳೆಯ ಮದುರೆ ಜಿಲ್ಲೆಯಿಂದ ದಿಂಡಿಗಲ್ 1985ರಲ್ಲಿ, ತೇನಿ 1990ರ ದಶಕದ ನಡುವೆ ಬೇರ್ಪಟ್ಟವು. 1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ತೇನಿಯ ಕಂಬಂ ಕಣಿವೆಯನ್ನು ಭತ್ತ, ದ್ರಾಕ್ಷಿ, ಬಾಳೆಯ ನಾಡಾಗಿಸಿತು. ಬೋಡಿನಾಯಕನೂರು (ಬೋಡಿ) ಏಲಕ್ಕಿ ವಹಿವಾಟಿನ ಕೇಂದ್ರ. ದಿಂಡಿಗಲ್ ಬಹುಪಾಲು ಮಳೆಯಾಶ್ರಿತ ಒಣನೆಲ. ಬೀಗ, ಚರ್ಮ ಹದಮಾಡುವಿಕೆ ಮತ್ತು ನೂಲಿನ ಗಿರಣಿಗಳು ಅಲ್ಲಿನ ಮುಖ್ಯ ಉದ್ಯಮಗಳು. ಈ ಸೀಮೆಯಲ್ಲಿ ಮನೆಮಾತು ಕನ್ನಡವಾಗಿರುವ ಸಮುದಾಯಗಳೂ ಇವೆ: ಕಂಬಂ ಸುತ್ತಿನ ಕಪ್ಪಿಲಿಯರ್ ಅಥವಾ ಒಕ್ಕಲಿಗ ಗೌಡರು, ಅನುಪ್ಪ ಗೌಂಡರು, ದೇವಾಂಗ ನೇಕಾರರಲ್ಲಿ ಒಂದು ಭಾಗ. ಇವರ ಶಾಲೆ, ಕಚೇರಿ, ಆಸ್ಪತ್ರೆಗಳ ಮಾತು ತಮಿಳು.

ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ತಮಿಳುನಾಡೂ ಸೇರಿದಂತೆ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಕಂಡುಬಂತು.

ಜೈವಿಕ ಕಾರಣಗಳು

ಸ್ಕಿಜೋಫ್ರೇನಿಯಾ ಮತ್ತು ಬೈಪೋಲಾರ್ ಕಾಯಿಲೆಗಳಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಸಾಮಾನ್ಯ ಜನರಲ್ಲಿ ಸುಮಾರು ಶೇ. 1ರಷ್ಟಿರುವ ಸ್ಕಿಜೋಫ್ರೇನಿಯಾದ ಸಾಧ್ಯತೆ ತಂದೆ, ತಾಯಿ ಅಥವಾ ಒಡಹುಟ್ಟಿದವರಲ್ಲಿ ಒಬ್ಬರಿಗೆ ಆ ಕಾಯಿಲೆ ಇದ್ದಲ್ಲಿ ಶೇ. 10ರ ಆಸುಪಾಸಿಗೆ ಏರುತ್ತದೆ. ಆದರೆ ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿಯೂ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬಂದೇ ಬರುತ್ತದೆಂದಿಲ್ಲ. ವಂಶ ಒಲವನ್ನು ಕೊಡುತ್ತದೆ, ವಿಧಿಯನ್ನು ಬರೆಯುವುದಿಲ್ಲ. ಸೋದರಮಾವ, ಸೋದರತ್ತೆಯ ಮಕ್ಕಳೊಡನೆ ಮದುವೆ ಈ ಸೀಮೆಯ ಅನೇಕ ಸಮುದಾಯಗಳಲ್ಲಿ ಹಳೆಯ ರೂಢಿ. ಇಂಥ ಸಂಬಂಧಗಳಲ್ಲಿ ಬುದ್ಧಿಮಾಂದ್ಯಕ್ಕೆ ಕಾರಣವಾಗುವ ಕೆಲವು ಆನುವಂಶಿಕ ದೋಷಗಳ ಸಾಧ್ಯತೆ ಹೆಚ್ಚುತ್ತದೆ.

ಥೈರಾಯ್ಡ್ ಏರುಪೇರು, ಬಿ12 ಜೀವಸತ್ವದ ಕೊರತೆ, ಅಪಸ್ಮಾರ, ತಲೆಗೆ ಬಿದ್ದ ಪೆಟ್ಟು, ಪಾರ್ಶ್ವವಾಯು ಇವು ಖಿನ್ನತೆ, ಗೊಂದಲ, ಮರೆವುಗಳ ರೂಪದಲ್ಲಿ ಕಾಣಿಸಿಕೊಳ್ಳಬಹುದು. ಹೆರಿಗೆಯ ನಂತರದ ವಾರಗಳಲ್ಲಿ ಹಾರ್ಮೋನುಗಳ ಬದಲಾವಣೆ, ನಿದ್ರೆಗೇಡು, ಆಸರೆಯ ಅಭಾವ ಸೇರಿ ಬಾಣಂತಿಯ ಮನಸ್ಸು ಕದಡುವುದುಂಟು.

ಕೆಲಸದ ಸ್ಥಳದ ವಿಷವೂ ಒಂದು ಕಾರಣ. ಪಾದರಸದ ಆವಿ ನರಮಂಡಲವನ್ನು ಬಾಧಿಸಿ ಸಿಡುಕು, ಅತಿಸಂಕೋಚ, ನಿದ್ರಾಹೀನತೆ, ನೆನಪಿನ ಕುಂದನ್ನು ತರಬಲ್ಲದು. ದಿಂಡಿಗಲ್ ಜಿಲ್ಲೆಯ ಕೊಡೈಕೆನಾಲ್‌ನಲ್ಲಿದ್ದ ಹಿಂದೂಸ್ತಾನ್ ಲೀವರ್ ಕಂಪನಿಯ ಥರ್ಮಾಮೀಟರ್ ಕಾರ್ಖಾನೆ ಪಾದರಸದ ತ್ಯಾಜ್ಯದ ವಿವಾದದಿಂದ 2001ರಲ್ಲಿ ಮುಚ್ಚಿತು. ಕೆಲಸಗಾರರ ಆರೋಗ್ಯಕ್ಕೆ ಹಾನಿಯಾಗಿಲ್ಲವೆಂಬುದು ಕಂಪನಿಯ ನಿಲುವಾಗಿತ್ತು. ದೀರ್ಘ ಹೋರಾಟದ ಬಳಿಕ 2016ರಲ್ಲಿ 591 ಮಾಜಿ ಕಾರ್ಮಿಕರೊಡನೆ ಮಾನವೀಯ ನೆಲೆಯ ಪರಿಹಾರದ ಒಪ್ಪಂದವಾಯಿತು.

ಬಾಲ್ಯ ಮತ್ತು ಹರೆಯ

ಬಾಲ್ಯದ ಹೊಡೆತ, ಲೈಂಗಿಕ ದೌರ್ಜನ್ಯ, ಹೆತ್ತವರ ಸಾವು ಅಥವಾ ಕುಡಿತ, ಹಸಿವು ಇವು ಮುಂದಿನ ಖಿನ್ನತೆ, ಆತಂಕ, ವ್ಯಸನಗಳಿಗೆ ನೆಲ ಹದಮಾಡುತ್ತವೆ. ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14 ವರ್ಷದೊಳಗೆ ಆರಂಭವಾಗುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆತ್ತವರು ತೋಟದ ಕೆಲಸಕ್ಕೆ ಕೇರಳದ ಗಡಿ ದಾಟಿದಾಗ ಮಕ್ಕಳನ್ನು ಅಜ್ಜಿಯೋ ಹಿರಿಯಕ್ಕನೋ ನೋಡಿಕೊಳ್ಳಬೇಕಾಗುತ್ತದೆ. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಫಲಿತಾಂಶ, ನೀಟ್ ಪರೀಕ್ಷೆ, ಮನೆಯವರು ಒಪ್ಪದ ಪ್ರೀತಿ ಇವು ಹರೆಯದವರನ್ನು ಕಂಗೆಡಿಸುವ ಸಾಮಾನ್ಯ ಸಂದರ್ಭಗಳು.

ದುಡಿಮೆ, ಬೆಲೆ ಮತ್ತು ಸಾಲ

ಕಂಬಂ, ತೇವಾರಂ, ಬೋಡಿ ಕಡೆಯ ಕೂಲಿಗಳು ನಸುಕಿನಲ್ಲೇ ಜೀಪು ಹತ್ತಿ ಕಂಬಂಮೆಟ್ಟು, ಬೋಡಿಮೆಟ್ಟುಗಳ ಮೂಲಕ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆ ಮರಳುತ್ತಾರೆ. ಇವರಲ್ಲಿ ಹೆಂಗಸರೇ ಹೆಚ್ಚು. ನಿದ್ರೆ ಕಡಿಮೆ, ಘಾಟಿಯ ಅಪಘಾತದ ಭಯ, ಕೆಲಸವಿಲ್ಲದ ದಿನ ಕೂಲಿಯೂ ಇಲ್ಲ. ತೋಟದ ಒಡೆಯನಿಗೂ ಭದ್ರತೆಯಿಲ್ಲ: 2019ರ ಹರಾಜಿನಲ್ಲಿ ಕಿಲೋಗೆ ಗರಿಷ್ಠ 7,000 ರೂಪಾಯಿ ಮುಟ್ಟಿದ ಏಲಕ್ಕಿ, ಎರಡು ಮೂರು ವರ್ಷಗಳಲ್ಲೇ ಸಾವಿರದ ಆಸುಪಾಸಿಗೆ ಕುಸಿಯಿತು. 2016ರ ಹಿಂಗಾರು ಕೈಕೊಟ್ಟು, 2017ರ ಜನವರಿಯಲ್ಲಿ ಸರ್ಕಾರ ಇಡೀ ರಾಜ್ಯವನ್ನು ಬರಪೀಡಿತವೆಂದು ಘೋಷಿಸಿದಾಗ ದಿಂಡಿಗಲ್‌ನ ಮಳೆಯಾಶ್ರಿತ ರೈತರೂ ಅದರೊಳಗಿದ್ದರು.

ನಷ್ಟಕ್ಕಿಂತಲೂ ಅದರ ಹಿಂದೆ ಬರುವ ಸಾಲ ಹೆಚ್ಚು ಕಾಡುತ್ತದೆ. ‘ಕಂದುವಟ್ಟಿ’ ಎಂದು ಕರೆಯುವ ಸುಲಿಗೆ ಬಡ್ಡಿಯನ್ನು ತಮಿಳುನಾಡು 2003ರ ಕಾಯಿದೆಯಿಂದ ನಿಷೇಧಿಸಿದೆ. ಆದರೂ ಕೈಸಾಲ ನಿಂತಿಲ್ಲ. ಅದರ ಜತೆಗೆ ಮಹಿಳಾ ಗುಂಪುಗಳ ಕಿರುಸಾಲದ ವಾರದ ಕಂತು ಸೇರಿಕೊಂಡಿದೆ. ಕಂತು ತಪ್ಪಿದರೆ ಮನೆಬಾಗಿಲಲ್ಲಿ ಆಗುವ ಅವಮಾನ ಆತಂಕಕ್ಕೂ ಖಿನ್ನತೆಗೂ ನೇರ ದಾರಿ.

ಗಿರಣಿಗಳಲ್ಲಿ ಬಹುಕಾಲ ನಡೆದ ‘ಸುಮಂಗಲಿ’ ಪದ್ಧತಿಯಲ್ಲಿ ಹದಿಹರೆಯದ ಹುಡುಗಿಯರನ್ನು ಕೆಲವು ವರ್ಷ ಹಾಸ್ಟೆಲಿನಲ್ಲಿರಿಸಿ ದುಡಿಸಿ, ಕೊನೆಗೆ ಮದುವೆಯ ಖರ್ಚಿಗೆಂದು ಇಡಿಗಂಟು ಕೊಡುವ ಕರಾರು ಇರುತ್ತಿತ್ತು. ರಾತ್ರಿ ಪಾಳಿ, ಮನೆಯಿಂದ ದೂರ, ಮೇಲ್ವಿಚಾರಕರ ಕಿರುಕುಳ ಇವು ಅದರ ಬೆಲೆ. 2021ರ ಜನವರಿಯಲ್ಲಿ ಉಡುಪು ಕಾರ್ಖಾನೆಯ ಯುವ ಕಾರ್ಮಿಕಳೊಬ್ಬಳ ಕೊಲೆಯಾದ ಬಳಿಕ, ಹೆಣ್ಣುಮಕ್ಕಳ ಮೇಲಿನ ಕಿರುಕುಳ ತಡೆಯಲು ಕಾರ್ಮಿಕ ಸಂಘ, ತಯಾರಕ ಕಂಪನಿ ಮತ್ತು ಅಂತರರಾಷ್ಟ್ರೀಯ ಖರೀದಿದಾರರ ನಡುವೆ 2022ರಲ್ಲಿ ‘ದಿಂಡಿಗಲ್ ಒಪ್ಪಂದ’ ಏರ್ಪಟ್ಟಿತು.

ಮದ್ಯ ಮತ್ತು ಮಾದಕಗಳು

ಕುಡಿತ ಕಾರಣವೂ ಹೌದು, ಪರಿಣಾಮವೂ ಹೌದು. ಮೈನೋವು, ನಿದ್ರೆಯಿಲ್ಲದಿರುವಿಕೆ, ಚಿಂತೆಯನ್ನು ಮರೆಯಲು ಕುಡಿದವನಲ್ಲಿ ಮದ್ಯ ಅವನ್ನೇ ಹೆಚ್ಚಿಸುತ್ತದೆ. ಚಟ ಬಲಿತವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಸೆಳವು ಬರಬಹುದು. ಆದ್ದರಿಂದ ವೈದ್ಯರ ನಿಗಾ ಬೇಕು. ರಾಜ್ಯದಲ್ಲಿ 2003ರಿಂದ ಮದ್ಯದ ಚಿಲ್ಲರೆ ಮಾರಾಟ ಸರ್ಕಾರಿ ಸಂಸ್ಥೆಯಾದ ಟಾಸ್ಮಾಕ್‌ನ ಕೈಯಲ್ಲಿದೆ. ಕಂಬಂ ಸುತ್ತ ಗಾಂಜಾ, ಕೊಡೈಕೆನಾಲ್‌ನಲ್ಲಿ ಅಮಲಿನ ಅಣಬೆ ಪೊಲೀಸರಿಗೆ ಹಳೆಯ ತಲೆನೋವು. ಹರೆಯದಲ್ಲಿ ಗಾಂಜಾ ಸೇವನೆ, ಮುಖ್ಯವಾಗಿ ವಂಶದಲ್ಲಿ ಒಲವಿರುವವರಲ್ಲಿ, ಸೈಕೋಸಿಸ್‌ನ ಅಪಾಯವನ್ನು ಹೆಚ್ಚಿಸುತ್ತದೆ.

ಜಾತಿ, ಹಿಂಸೆ ಮತ್ತು ಅವಘಡ

ಜಾತಿಯ ಕಾರಣಕ್ಕೆ ದಿನನಿತ್ಯ ಉಣ್ಣುವ ಅವಮಾನ ದೀರ್ಘಕಾಲದ ಒತ್ತಡವಾಗಿ ಮನಸ್ಸನ್ನು ಸವೆಸುತ್ತದೆ. ಗಲಭೆ ಅದಕ್ಕೆ ಭಯವನ್ನು ಸೇರಿಸುತ್ತದೆ. 1989ರ ಬೋಡಿನಾಯಕನೂರು ಗಲಭೆ ಇಂಥದೊಂದು. 2011ರ ಡಿಸೆಂಬರಿನಲ್ಲಿ ಕೇರಳದೊಡನೆ ಮುಲ್ಲಪೆರಿಯಾರ್ ಅಣೆಕಟ್ಟಿನ ವಿವಾದ ಕಾವೇರಿದಾಗ ಇಡುಕ್ಕಿಯಲ್ಲಿದ್ದ ಅನೇಕ ತಮಿಳು ಕೂಲಿ ಕುಟುಂಬಗಳು ಬೆಟ್ಟ ಇಳಿದು ಕಣಿವೆಗೆ ಓಡಿಬಂದವು. 2018ರ ಮಾರ್ಚ್ 11ರಂದು ಬೋಡಿ ಬಳಿಯ ಕುರಂಗಣಿ ಕಾಡ್ಗಿಚ್ಚು ಚಾರಣಿಗರನ್ನು ಬಲಿತೆಗೆದುಕೊಂಡಿತು. ಇಂಥ ಘಟನೆಗಳಲ್ಲಿ ಬದುಕುಳಿದವರಿಗೂ ರಕ್ಷಣೆಗೆ ಹೋದವರಿಗೂ ದುಃಸ್ವಪ್ನ, ಬೆಚ್ಚಿಬೀಳುವಿಕೆ, ಆ ಜಾಗದ ಭಯ ತಿಂಗಳುಗಟ್ಟಲೆ ಉಳಿಯಬಹುದು. ಮನೆಯೊಳಗಿನ ಹೊಡೆತ, ವರದಕ್ಷಿಣೆಯ ಕಾಟ, ಗಂಡುಮಗುವಿಗಾಗಿ ಒತ್ತಾಯ ಸುದ್ದಿಯಾಗದೆಯೇ ಇದೇ ಪರಿಣಾಮ ಬೀರುತ್ತವೆ.

ಕಾಯಿಲೆ ಬಲಿಯಲು ಕಾರಣಗಳು

ಮಾಟ, ದೃಷ್ಟಿ, ಗಾಳಿ ಸೋಕು ಎಂಬ ನಂಬಿಕೆಯಿಂದ ಮೊದಲ ತಿಂಗಳುಗಳು ಪೂಜಾರಿ, ಮಂತ್ರವಾದಿಗಳ ಬಳಿ ಕಳೆಯುವುದು ಸಾಮಾನ್ಯ. ತಿರುಚಿರಾಪಳ್ಳಿ ಬಳಿಯ ಗುಣಶೀಲಂ ದೇವಾಲಯಕ್ಕೆ ರೋಗಿಗಳನ್ನು ಕರೆದೊಯ್ಯುವ ಪದ್ಧತಿಯೂ ಇದೆ. ದೇವರ ಸನ್ನಿಧಿ ಕುಟುಂಬಕ್ಕೆ ಧೈರ್ಯ ಕೊಡಬಲ್ಲದು. ಆದರೆ ಔಷಧಿಯನ್ನು ಬಿಡಿಸಿದಾಗ, ರೋಗಿಯನ್ನು ಕಟ್ಟಿಹಾಕಿದಾಗ ಹಾನಿಯಾಗುತ್ತದೆ. ರಾಮನಾಥಪುರ ಜಿಲ್ಲೆಯ ಏರ್ವಾಡಿ ದರ್ಗಾ ಬಳಿ ರೋಗಿಗಳನ್ನಿರಿಸಿದ್ದ ಆಶ್ರಯಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ರೋಗಿಗಳು ಸತ್ತರು. ಮಗಳ ಮದುವೆ ತಪ್ಪೀತೆಂಬ ಅಂಜಿಕೆ, ಕೂಲಿ ಕಳೆದುಕೊಂಡು ಪಟ್ಟಣಕ್ಕೆ ಹೋಗಬೇಕಾದ ಖರ್ಚು, ಮನೆಮಾತಿನಲ್ಲಿ ಮಾತ್ರ ಒಳಗುದಿಯನ್ನು ಹೇಳಬಲ್ಲ ಮುದುಕರ ಪಾಡು ಚಿಕಿತ್ಸೆಯನ್ನು ಇನ್ನಷ್ಟು ಮುಂದೂಡುತ್ತವೆ.

ತಡೆ ಮತ್ತು ಸೇವೆ

ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಮಾದರಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಆರಂಭವಾಯಿತು. ತಮಿಳುನಾಡಿನಲ್ಲಿ ಮೊದಲು ಅದನ್ನು ಪಡೆದದ್ದು ತಿರುಚಿರಾಪಳ್ಳಿ. ತೇನಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ದಿಂಡಿಗಲ್‌ನ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. 2017ರ ಮಾನಸಿಕ ಆರೋಗ್ಯ ಸೇವಾ ಕಾಯಿದೆ ಚಿಕಿತ್ಸೆಯನ್ನು ಹಕ್ಕಾಗಿಸಿದೆ, ಸರಪಳಿಯನ್ನು ನಿಷೇಧಿಸಿದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯ ಬದಲು ಆರೈಕೆ ಕೊಡಬೇಕೆನ್ನುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನವಿಡೀ ತಮಿಳು, ಕನ್ನಡ ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತವಾಗಿ ದೊರೆಯುತ್ತದೆ.

ಕಾರಣಗಳು ಹಲವಾಗಿರುವುದರಿಂದ ಪರಿಹಾರವೂ ಆಸ್ಪತ್ರೆಯೊಂದರಿಂದ ಆಗುವಂಥದಲ್ಲ. ವಂಶದ ಒಲವನ್ನು ಬದಲಿಸಲಾಗದು. ಆದರೆ ಸುಲಿಗೆ ಬಡ್ಡಿಯ ತಡೆ, ಗಿರಣಿಯಲ್ಲಿ ಹೆಣ್ಣುಮಕ್ಕಳ ಸುರಕ್ಷತೆ, ಮದ್ಯದ ಮಿತಿ, ಬಾಣಂತಿಯ ಆರೈಕೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಸಿಗುವ ಏರ್ಪಾಡು ಇವು ಸಮಾಜದ ಕೈಯಲ್ಲಿರುವಂಥವು.