ಇಲಿ, ಹಗೇವು, ಮಹಾಮಾರಿ: ದಾವಣಗೆರೆ–ಹರಿಹರ ಸೀಮೆಯ ಹಳೆಯ ಮನೆಗಳನ್ನು ಕುರಿತು

ಹರಿಹರದ ಚರಿತ್ರೆಯನ್ನು ಹೇಳಹೊರಟವರು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಮೊದಲುಮಾಡುವುದು ವಾಡಿಕೆ. ದಾವಣಗೆರೆಯ ಚರಿತ್ರೆಯನ್ನು ಹೇಳುವವರು, ಹೈದರಾಲಿಯು ಆ ಊರನ್ನು ಮರಾಠ ಸರದಾರನಾದ ಅಪೋಜಿರಾಮನಿಗೆ ಜಹಗೀರಾಗಿ ಕೊಟ್ಟುದನ್ನೂ, ಅವನ ಪ್ರೋತ್ಸಾಹದಿಂದ ವರ್ತಕರು ಅಲ್ಲಿ ನೆಲೆಸಿದುದನ್ನೂ ಹೇಳುತ್ತಾರೆ. ಶಾಸನವೂ ಸನದೂ ಉಳಿದಿರುವಲ್ಲಿ ಇದು ಸಹಜವೇ ಸರಿ. ಆದರೆ ಈ ಸೀಮೆಯ ಒಕ್ಕಲಿನವನು ತಲೆಮಾರುಗಳ ಕಾಲ ತನ್ನ ಮನೆಯೊಳಗೇ ನಡೆಸಿದ ಒಂದು ಹೋರಾಟವನ್ನು ಯಾವ ಶಾಸನವೂ ಹೇಳುವುದಿಲ್ಲ. ಅದು ಇಲಿಯೊಡನೆ ನಡೆದ ಹೋರಾಟ. ವಿಷಯವು ಕ್ಷುದ್ರವೆಂದು ವಾಚಕರು ಭಾವಿಸಬಾರದು. 1896ರಿಂದ 1921ರ ವರೆಗಿನ ಅವಧಿಯಲ್ಲಿ ಹಿಂದೂದೇಶದಲ್ಲಿ ಪ್ಲೇಗಿನಿಂದ ಮಡಿದವರ ಸಂಖ್ಯೆ ಸುಮಾರು 1 ಕೋಟಿ. ಆ ವ್ಯಾಧಿ ಮನೆಯನ್ನು ಹೊಕ್ಕುದು ಇಲಿಯ ಬಿಲದ ಮೂಲಕವೇ.

ಮೊದಲು ಮನೆಯ ಸ್ವರೂಪವನ್ನು ನೋಡೋಣ. ಈ ಬಯಲುಸೀಮೆಯ ಹಳೆಯ ಮನೆ ಸಾಮಾನ್ಯವಾಗಿ ಮಾಳಿಗೆಯ ಮನೆ. ದಪ್ಪನೆಯ ಮಣ್ಣಿನ ಗೋಡೆ, ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಸೊಪ್ಪುಸದೆ, ಎಲ್ಲಕ್ಕೂ ಮೇಲೆ ನೀರಿಳಿಯದಂತೆ ಹಾಸಿದ ಕರಲುಮಣ್ಣು. ಬೆಳಕಿಗೆ ಒಂದೋ ಎರಡೋ ಬೆಳಕಿಂಡಿ. ಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಗಳ ಅಂಕಣ, ಅದರ ಗೋದಲಿ, ಮೇಲೆ ಪಡಸಾಲೆ, ಒಳಗೆ ಅಡಿಗೆಯ ಮನೆ, ದೇವರ ಮನೆ. ಬೇಸಗೆಗೆ ತಂಪಾಗಿಯೂ ಚಳಿಗೆ ಬೆಚ್ಚಗೂ ಇರುವ ಈ ಮನೆ ಮನುಷ್ಯನಿಗೆ ಎಷ್ಟು ಹಿತವೋ ಇಲಿಗೂ ಅಷ್ಟೇ ಹಿತವಾದುದು. ಮಣ್ಣಿನ ಗೋಡೆಯ ಬುಡವನ್ನು ಹೆಗ್ಗಣವು ತೋಡುತ್ತದೆ. ಮನೆಯ ಇಲಿಯು ಕಂಬವೇರಿ ಜಂತೆಯ ಸಂದಿನಲ್ಲಿ ಗೂಡು ಕಟ್ಟುತ್ತದೆ. ಸುಂಡಿಲಿಗೆ ಬೆರಳು ತೂರುವಷ್ಟು ಸಂದು ಸಾಕು. ದನದ ಮೇವು, ಉದುರಿದ ಕಾಳು, ಕತ್ತಲೆ, ಈ ಮೂರೂ ಒಂದೇ ಸೂರಿನಡಿ ದೊರೆಯುವಾಗ ಇಲಿಯು ಬೇರೆಲ್ಲಿಗೆ ಹೋದೀತು?

ಮನೆಯ ಯಜಮಾನನು ಇದನ್ನು ಅರಿಯದವನಲ್ಲ. ಬಿಲಕ್ಕೆ ಗಾಜಿನ ಚೂರನ್ನೂ ಕಲ್ಲುಚೂರನ್ನೂ ತುಂಬಿ ಮಣ್ಣು ಮೆತ್ತುವುದು, ಬೋನು ಒಡ್ಡುವುದು, ಪಾಷಾಣವಿಡುವುದು, ಬೆಕ್ಕನ್ನು ಸಾಕುವುದು, ಹೊಲದಲ್ಲಿ ಕೇರೆಹಾವನ್ನು ಕೊಲ್ಲದೆ ಬಿಡುವುದು ಮುಂತಾದವು ಎಲ್ಲೆಡೆಯೂ ಇದ್ದ ಕ್ರಮಗಳು. ಹಾಲು ಬೆಣ್ಣೆಯ ಗಡಿಗೆಗಳನ್ನು ಜಂತೆಯಿಂದ ತೂಗುಬಿಟ್ಟ ನೆಲುವಿನಲ್ಲಿಡುತ್ತಿದ್ದರು. (ಬೆಕ್ಕನ್ನು ಇಲಿಗಾಗಿ ಸಾಕಿ, ಹಾಲನ್ನು ಬೆಕ್ಕಿಗೆ ಹೆದರಿ ಮೇಲೆ ಕಟ್ಟುವ ಗೃಹಕೃತ್ಯದ ವಿನೋದವನ್ನು ಇಲ್ಲಿ ಬಿಟ್ಟುಬಿಡೋಣ.) ಇವೆಲ್ಲಕ್ಕಿಂತಲೂ ಹೆಚ್ಚಿನ ಬುದ್ಧಿ ಕಾಣುವುದು ಧಾನ್ಯವನ್ನು ಕಾಯ್ದಿಡುತ್ತಿದ್ದ ರೀತಿಯಲ್ಲಿ. ನಿತ್ಯದ ಬಳಕೆಗೆ ಬೇಕಾದಷ್ಟನ್ನು ಮಾತ್ರ ಸಗಣಿ ಸಾರಿಸಿದ ಬಿದಿರ ಕಣಜದಲ್ಲಿಯೋ ಮಣ್ಣಿನ ಗುಡಾಣ, ವಾಡೆಗಳಲ್ಲಿಯೋ ಇಟ್ಟು, ಉಳಿದ ಜೋಳ ರಾಗಿಗಳನ್ನು ಹಗೇವಿಗೆ ಇಳಿಸುತ್ತಿದ್ದರು.

ಹಗೇವೆಂಬುದು ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದಾಗಿ ಒಡಲು ಹಿರಿದಾದ ಧಾನ್ಯದ ಗುಳಿ. ತಳಕ್ಕೂ ಸುತ್ತಲಿಗೂ ಒಣಹುಲ್ಲನ್ನು ಒತ್ತಿ ಕಾಳು ತುಂಬಿ, ಮೇಲೆ ಮತ್ತೆ ಹುಲ್ಲು ಹೊದಿಸಿ, ಬಾಯಿಗೆ ಕಲ್ಲುಚಪ್ಪಡಿಯಿಟ್ಟು ಮಣ್ಣಿನಿಂದ ಮುಚ್ಚುವರು. 1800–1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ದಾವಣಗೆರೆಯ ವ್ಯಾಪಾರವನ್ನೂ ಕಂಬಳಿಗಳನ್ನೂ ಗುರುತಿಸಿದ ಫ್ರಾನ್ಸಿಸ್ ಬುಕನನ್ನನು, ಈ ದೇಶದ ಹಗೇವುಗಳನ್ನೂ ವರ್ಣಿಸಿರುತ್ತಾನೆ. ಹೀಗೆ ಮುಚ್ಚಿದ ರಾಗಿಯು ವರ್ಷಗಟ್ಟಲೆ ಕೆಡದೆ ಇರುವುದು. ಕಾರಣವು ಸ್ಪಷ್ಟವಾಗಿದೆ. ಕಾಳು ಜೀವಂತವಾದ ವಸ್ತು. ಅದು ಒಳಗಿನ ಗಾಳಿಯ ಆಮ್ಲಜನಕವನ್ನು ಸೇವಿಸಿ ಇಂಗಾಲದ ಡೈಆಕ್ಸೈಡನ್ನು ಬಿಡುವುದರಿಂದ ಆ ಗುಳಿಯಲ್ಲಿ ಹುಳುವಾಗಲಿ ಇಲಿಯಾಗಲಿ ಬದುಕಲಾರದು. ಮನುಷ್ಯನೂ ಬದುಕಲಾರನು. ಆದುದರಿಂದಲೇ ಹಗೇವಿನ ಬಾಯಿ ತೆರೆದು ಹೊತ್ತುಗಳೆಯಲು ಬಿಟ್ಟು, ದೀಪವನ್ನು ಇಳಿಸಿ ಅದು ಉರಿಯುವುದನ್ನು ಕಂಡ ಬಳಿಕವೇ ಆಳನ್ನು ಇಳಿಸುವ ಎಚ್ಚರಿಕೆ ರೂಢಿಯಲ್ಲಿತ್ತು. ದರೋಡೆಗಾರರ ಭಯದಿಂದ ಹಗೇವು ಹುಟ್ಟಿತೆಂದು ಹಲವರು ಹೇಳುವುದುಂಟು. ಆ ಭಯವೂ ಇದ್ದಿರಬಹುದು. ಆದರೆ ದಂಡು ಬರುವುದು ಒಂದು ತಲೆಮಾರಿಗೊಮ್ಮೆ, ಇಲಿ ಬರುವುದು ಪ್ರತಿ ರಾತ್ರಿ. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ಕಾರಣಕ್ಕೆ ಹೆಚ್ಚು ತೂಕವಿದೆ.

ಇಷ್ಟಾದರೂ ಇಲಿಯನ್ನು ನಿರ್ಮೂಲಮಾಡಬೇಕೆಂಬ ಹಟ ಆ ಜನರಲ್ಲಿ ಕಾಣುವುದಿಲ್ಲ. ಅದು ಗಣಪತಿಯ ವಾಹನ. ಉತ್ತರ ಕರ್ನಾಟಕದ ನೇಕಾರರ ಮನೆಗಳಲ್ಲಿ ಗಣೇಶನ ಚೌತಿಯ ಮರುದಿನ ‘ಇಲಿವಾರ’ವೆಂದು ಆಚರಿಸಿ, ನೂಲನ್ನು ಕಡಿಯದಿರಲೆಂದು ಇಲಿಗೆ ನೈವೇದ್ಯವಿಡುವ ಪದ್ಧತಿಯಿದೆ. ಇಲಿಯ ಮೇಲಿನ ಸಿಟ್ಟಿಗೆ ಮನೆ ಸುಡಬಾರದೆಂಬುದು ಗಾದೆಯ ವಿವೇಕ. ಒಟ್ಟಿನಲ್ಲಿ ಇಲಿಯು ಧಾನ್ಯದ ಕಳ್ಳನೆಂದೂ, ಅದಕ್ಕೆ ಸಲ್ಲುವ ಪಾಲು ಇಷ್ಟೆಂದೂ ಒಪ್ಪಿಕೊಂಡು, ಆ ಪಾಲನ್ನು ಕಡಮೆಮಾಡುವುದಷ್ಟೇ ಮನೆಯವರ ಗುರಿಯಾಗಿತ್ತು. 1898ರಲ್ಲಿ ಈ ಲೆಕ್ಕವು ತಲೆಕೆಳಗಾಯಿತು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಧಾರವಾಡ ಜಿಲ್ಲೆಗೆ ಹಬ್ಬಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ಸದರನ್ ಮರಾಠಾ ರೈಲುದಾರಿ ಅದಕ್ಕೆ ಸುಮಾರು ಒಂದು ದಶಕದ ಹಿಂದೆಯಷ್ಟೇ ಸಿದ್ಧವಾಗಿದ್ದಿತು. ತುಂಗಭದ್ರೆಯ ಆಚೆಯ ದಡ ಮುಂಬಯಿ ಆಧಿಪತ್ಯ, ಈಚೆಯ ದಡದ ಹರಿಹರ ಮೈಸೂರು ಸಂಸ್ಥಾನ. ಬ್ರಿಟಿಷ್ ಇಂಡಿಯಾದಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದ ಮೇಲೆ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ರೋಗನಿರೋಧದ ಮುಖ್ಯ ಉಪಾಯವೆನಿಸಿತು. ಉತ್ತರದಿಂದ ಬರುವವರಿಗೆ ಸಂಸ್ಥಾನದ ಬಾಗಿಲು ಹರಿಹರವೇ. ಆದರೆ ತಪಾಸಣೆಯ ವೈದ್ಯನು ನೋಡುತ್ತಿದ್ದುದು ಮನುಷ್ಯನ ಕಂಕುಳನ್ನೂ ಮೈಬಿಸಿಯನ್ನೂ. ಗೂಡ್ಸು ಬಂಡಿಯ ಕಾಳಿನ ಚೀಲ, ಹತ್ತಿಯ ಅಂಡಿಗೆಗಳನ್ನು ಶಂಕಿಸಬೇಕೆಂಬ ಜ್ಞಾನ ಅಂದಿಗೆ ಇನ್ನೂ ನೆಲೆಗೊಂಡಿರಲಿಲ್ಲ. 1898ರ ಆಗಸ್ಟ್ ತಿಂಗಳಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದ, ರೈಲ್ವೆ ಅಧಿಕಾರಿಯೊಬ್ಬರ ಸೇವಕನಲ್ಲಿ ಬೆಂಗಳೂರಿನ ಮೊದಲ ಪ್ಲೇಗು ಪತ್ತೆಯಾಯಿತು. ಆ ರೈಲು ಹರಿಹರ, ದಾವಣಗೆರೆಗಳನ್ನು ದಾಟಿಯೇ ಹೋಗಬೇಕಷ್ಟೆ. 1901ರ ಖಾನೇಷುಮಾರಿಯ ವೇಳೆಗೆ ಸುಮಾರು 10,000 ಜನವಸತಿಯಿದ್ದ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ದೊಡ್ಡ ಪೇಟೆ. ನೆಲದ ಮೇಲಣ ಉಗ್ರಾಣಗಳಲ್ಲಿ ಮೂಟೆಯ ಮೇಲೆ ಮೂಟೆ ಒಟ್ಟುವ ಊರು. ಹಳ್ಳಿಯ ಒಕ್ಕಲಿನವನು ಕಾಳನ್ನು ಇಲಿಯಿಂದ ದೂರವಿಟ್ಟು ನೆಲದಡಿ ಹೂಳುತ್ತಿದ್ದರೆ, ಪೇಟೆಯ ವರ್ತಕನು ವಾರವಾರವೂ ಮಾಲು ಹೊರಡಿಸಬೇಕಾದವನಾದ್ದರಿಂದ ಹಾಗೆ ಮಾಡಲಾರದವನಾಗಿದ್ದನು. ಈ ವ್ಯತ್ಯಾಸವನ್ನು ಪ್ಲೇಗಿನ ಇತಿಹಾಸ ಬರೆಯುವವರು ಅಷ್ಟಾಗಿ ಗಮನಿಸಿಲ್ಲ.

ಸರ್ಕಾರದ ಕ್ರಮಗಳು ಮನೆಯನ್ನೇ ರೋಗದ ಬೀಡೆಂದು ಎಣಿಸಿದುವು. ರೋಗಿಯನ್ನು ಬೇರ್ಪಡಿಸುವುದು, ಮನೆಯವರನ್ನು ಶಿಬಿರಕ್ಕೆ ಸಾಗಿಸುವುದು, ಗೋಡೆ ನೆಲಗಳಿಗೆ ಪಾದರಸದ ಲವಣದ ದ್ರಾವಣವನ್ನು ಎರಚುವುದು, ಸುಣ್ಣ ಬಳಿಸುವುದು, ಬಿಸಿಲು ಬೀಳಲೆಂದು ಮೇಲ್ಛಾವಣಿಯನ್ನು ಬಿಚ್ಚಿಸುವುದು. ಹಂಚಿನ ಮನೆಯಲ್ಲಿ ಹಂಚು ಇಳಿಸಿ ಮತ್ತೆ ಏರಿಸಬಹುದು. ಕರಲುಮಣ್ಣಿನ ಮಾಳಿಗೆಯನ್ನು ಬಿಚ್ಚುವುದೆಂದರೆ ಮನೆಯನ್ನು ಕೆಡವಿದಂತೆಯೇ. ಇಂಥ ಕ್ರಮಗಳು ಜನರಲ್ಲಿ ಎಬ್ಬಿಸಿದ ಕ್ರೋಧಕ್ಕೆ, ಪುಣೆಯಲ್ಲಿ 1897ರ ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ ಚಾಪೇಕರ ಸಹೋದರರು ನಡೆಸಿದ ಗುಂಡಿನ ದಾಳಿಯೇ ಸಾಕ್ಷಿ. ಮೈಸೂರಿನಲ್ಲಿ ಪ್ಲೇಗು ಕಮಿಷನರಾಗಿದ್ದ ವಿ. ಪಿ. ಮಾಧವರಾಯರ ಮುಂದಿದ್ದ ಕೆಲಸವೂ ಸುಲಭದ್ದಾಗಿರಲಿಲ್ಲ. ಹಾಫ್‌ಕಿನ್ ಮುಂಬಯಿಯಲ್ಲಿ 1897ರ ಜನವರಿಯಲ್ಲಿ ಸಿದ್ಧಪಡಿಸಿದ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಅದೊಂದು ಬೇರೆಯೇ ಕಥೆ.

ಜನರಾದರೋ ತಮ್ಮದೇ ಆದ ಒಂದು ಲಕ್ಷಣವನ್ನು ಹಿಡಿದರು: ‘ಇಲಿ ಬಿತ್ತು.’ ಜಂತೆಯಿಂದ ಇಲಿಯೊಂದು ತತ್ತರಿಸುತ್ತ ಇಳಿದು ಹಗಲಿನಲ್ಲಿಯೇ ಪಡಸಾಲೆಯಲ್ಲಿ ಸತ್ತುಬಿದ್ದಿತೆಂದರೆ ಮನೆ ಬಿಡುವುದು, ನಾಲ್ಕಾರು ಮನೆಗಳಲ್ಲಿ ಬಿದ್ದರೆ ಊರನ್ನೇ ಬಿಡುವುದು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಾಲಕಳೆಯುವರು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ಓದಿದವರಿಗೆ ಈ ಸತ್ತ ಇಲಿಗಳ ಭೀತಿ ಅಪರಿಚಿತವಲ್ಲ. ಇದನ್ನು ಮೂಢನಂಬಿಕೆಯೆನ್ನಬೇಕೆ? ಆ ಕಾಲದ ವಿದ್ವಾಂಸರ ನಿಲುವನ್ನು ನೋಡಿದರೆ ಉತ್ತರವು ವಿಚಿತ್ರವಾಗಿದೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ರೋಗಾಣುವನ್ನು ಕಂಡುಹಿಡಿದಿದ್ದನು. 1898ರಲ್ಲಿ ಕರಾಚಿಯಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು, ರೋಗವು ಇಲಿಯಿಂದ ಇಲಿಗೆ ಚಿಗಟದ ಮೂಲಕ ದಾಟುವುದನ್ನು ಪ್ರಯೋಗದಿಂದ ತೋರಿಸಿದನು. ಆದರೆ ಅದೇ ವರ್ಷ ನೇಮಕವಾದ ಇಂಡಿಯನ್ ಪ್ಲೇಗ್ ಕಮಿಷನ್ನು ಅವನ ವಾದಕ್ಕೆ ಬೆಲೆಕೊಡಲಿಲ್ಲ. 1905ರಿಂದ ಮುಂದೆ ಮುಂಬಯಿಯಲ್ಲಿ ಪ್ಲೇಗಿನ ಮನೆಗಳೊಳಗೆ ಗಿನಿಯಿಲಿಗಳನ್ನು ಬಿಟ್ಟು ನಡೆಸಿದ ಪರೀಕ್ಷೆಗಳಿಂದಲೇ ಆ ವಾದ ಸ್ಥಿರಪಟ್ಟಿತು. 1914ರಲ್ಲಿ ಬೇಕಟ್ ಮತ್ತು ಮಾರ್ಟಿನ್ ಎಂಬವರು, ಚಿಗಟದ ಅನ್ನನಾಳದಲ್ಲಿ ರೋಗಾಣುಗಳು ಗೆಡ್ಡೆಗಟ್ಟಿ, ಹಸಿದ ಆ ಕೀಟವು ಮತ್ತೆ ಮತ್ತೆ ಕಚ್ಚುವಂತಾಗುವುದನ್ನು ವಿವರಿಸಿದರು.

ಈ ಜ್ಞಾನದ ಬೆಳಕಿನಲ್ಲಿ ಹಳ್ಳಿಗನ ನಡತೆಯನ್ನು ಪರಿಶೀಲಿಸಿದರೆ ಅದರ ಯುಕ್ತಾಯುಕ್ತಗಳೆರಡೂ ಕಾಣುತ್ತವೆ. ಇಲಿಯ ಮೈ ತಣ್ಣಗಾದೊಡನೆ ಚಿಗಟವು ಅದನ್ನು ಬಿಟ್ಟು ಬೇರೆ ಬಿಸಿಮೈಯನ್ನು ಹುಡುಕುತ್ತದೆ. ಆದುದರಿಂದ ಇಲಿ ಬಿದ್ದ ಗಳಿಗೆಯೇ ಮನೆ ಬಿಡತಕ್ಕ ಗಳಿಗೆ. ಬಿಸಿಲೂ ಒಣಹವೆಯೂ ಚಿಗಟದ ಆಯುಸ್ಸನ್ನು ಕುಗ್ಗಿಸುವುದರಿಂದ ಬೇಸಗೆ ಬಲಿತ ಮೇಲೆ ಮನೆಗೆ ಮರಳುವುದೂ ಸರಿಯಾದುದೇ. ದ್ರಾವಣವನ್ನು ಎರಚಿದ ಸರ್ಕಾರಿ ಕ್ರಮವಾದರೋ ಗೋಡೆಯ ರೋಗಾಣುವನ್ನು ಅರಸುತ್ತಿದ್ದಿತು, ರೋಗಾಣು ಅಲ್ಲಿರಲಿಲ್ಲ. ಆದರೆ ಊರು ಬಿಡುವವರು ಹಾಸಿಗೆ, ಕಂಬಳಿ, ಕಾಳಿನ ಚೀಲಗಳನ್ನು ಹೊತ್ತು ನೆಂಟರ ಊರಿಗೆ ಹೋದಾಗ ಚಿಗಟವೂ ಜತೆಯಲ್ಲಿ ಹೋಯಿತು. ಚಿಗಟದ ಮರಿ ಬೆಳೆಯುವುದೇ ಧಾನ್ಯದ ಹೊಟ್ಟುಧೂಳಿನಂಥ ಕಸದಲ್ಲಿ. ಹೊಲದ ಗುಡಿಸಲಿಗೆ ಹೋದ ಕುಟುಂಬ ಉಳಿಯುವ ಸಂಭವ ಹೆಚ್ಚು. ನೆಂಟರ ಮನೆ ಸೇರಿದ ಕುಟುಂಬ ಆ ಮನೆಯನ್ನೂ ಅಪಾಯಕ್ಕೆ ಗುರಿಮಾಡುತ್ತಿತ್ತು. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿ ಹೊರಗೆಸೆಯುವ ಕೆಲಸ ಯಾರ ಪಾಲಿಗೆ ಬರುತ್ತಿತ್ತೆಂಬುದನ್ನು ನೆನೆದರೆ, ಮನೆಗೆಲಸದ ಹೆಂಗಸರೂ ಆಳುಮಕ್ಕಳೂ ಮೊದಲು ರೋಗಕ್ಕೆ ಒಡ್ಡಿಕೊಂಡರೆಂದು ಊಹಿಸಬಹುದಾಗಿದೆ. ಗುಡಿಸಲು ಹಾಕಲು ಸ್ವಂತ ಹೊಲವಿಲ್ಲದವರ ಗತಿಯೂ ವಿಚಾರಾರ್ಹವಾದುದು.

ಮುಂದಿನ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ.ಯೂ ಹೊಸ ಔಷಧಗಳೂ ಬಂದು ಪ್ಲೇಗು ಇಳಿಯಿತು. ಕರ್ನಾಟಕದಲ್ಲಿ 1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆ ಕಾಣಿಸಿಕೊಂಡುದೇ ದೇಶದ ಕೊನೆಯ ಪ್ರಕರಣವೆಂದು 1994ರ ವರೆಗೆ ಎಣಿಸಲಾಗಿದ್ದಿತು. ಆ ವರ್ಷ ಸೂರತ್ತಿನಿಂದ ಬಂದ ವಾರ್ತೆ ಹಳೆಯ ಭೀತಿಯನ್ನು ಮತ್ತೆ ಎಬ್ಬಿಸಿತು. ಭದ್ರಾ ನಾಲೆಯ ನೀರು ಹರಿದು ಜೋಳದ ಹೊಲಗಳು ಬತ್ತದ ಗದ್ದೆಗಳಾದ ಮೇಲೆ ಈ ಸೀಮೆಯ ರೈತನು ಇಲಿಯನ್ನು ಹೆಚ್ಚಾಗಿ ಎದುರಿಸುವುದು ಗದ್ದೆಯ ಬದುವಿನಲ್ಲಿ. ಆಯುಧ, ಸತುವಿನ ಫಾಸ್ಫೈಡ್ ಬೆರೆಸಿದ ತಿನಿಸು. ಬತ್ತವು ಗದ್ದೆಯಿಂದ ನೇರವಾಗಿ ಗಿರಣಿಗೆ ಹೋಗುವುದರಿಂದ ಮನೆಯಲ್ಲಿ ಕಣಜಕ್ಕೆ ಕೆಲಸವಿಲ್ಲ. ಮಾಳಿಗೆಯ ಮನೆಗಳು ಕೆಡವಲ್ಪಟ್ಟು ಕಾಂಕ್ರೀಟಿನ ಮನೆಗಳು ಏಳುತ್ತಿವೆ. ಬಹುಪಾಲು ಹಗೇವುಗಳನ್ನು ಮಕ್ಕಳು ಬಿದ್ದಾರೆಂಬ ಭಯದಿಂದ ಕಲ್ಲುಮಣ್ಣು ತುಂಬಿ ಮುಚ್ಚಿರುವರು. ಉಳಿದಿರುವ ಕೆಲವನ್ನಾದರೂ ಅಳತೆಮಾಡಿ, ಯಾವ ಮನೆಗೆ ಯಾವ ಕಡೆ ಎಷ್ಟು ದೂರದಲ್ಲಿ ತೋಡಿದ್ದರೆಂಬುದನ್ನು ನಕ್ಷೆಯಲ್ಲಿ ಗುರುತಿಸುವ ಕೆಲಸ ನಮ್ಮ ವಿಭಾಗದ ವಿದ್ಯಾರ್ಥಿಗಳಿಂದ ಆಗತಕ್ಕದ್ದು; ಮಳೆಗಾಲಕ್ಕೆ ಮುಂಚೆ, ನೆಲ ಒಣಗಿರುವಾಗ ಅದನ್ನು ಕೈಕೊಳ್ಳುವುದು ಅನುಕೂಲ.