ಪಾವು ಹೋಗಿ ಕಪ್ ಬಂತು

ಕನ್ನಡ ಪತ್ರಿಕೆಗಳ ಇತಿಹಾಸ ಬರೆಯುವವರು ಸಂಪಾದಕೀಯ, ಧಾರಾವಾಹಿ, ವ್ಯಂಗ್ಯಚಿತ್ರಗಳನ್ನೆಲ್ಲ ನೆನೆಯುತ್ತಾರೆ. ಅಡುಗೆ ಪುಟದ ಮಾತು ಬರುವುದು ಅಪರೂಪ. ಆದರೆ ಮನೆಗಳಲ್ಲಿ ಕತ್ತರಿಸಿ, ಹಳೆಯ ಡೈರಿಗೆ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ತಿದ್ದಿ ಇಟ್ಟುಕೊಂಡದ್ದು ಆ ಪುಟವನ್ನೇ. ಈ ತಿದ್ದುಪಡಿಗಳಲ್ಲೇ ನಮ್ಮ ಮನೆಯಡುಗೆಯ ಈಚಿನ ಚರಿತ್ರೆ ಇದೆ ಎಂಬುದು ನನ್ನ ಅನಿಸಿಕೆ.

ಅಡುಗೆಯನ್ನು ಬರೆದಿಡುವುದು ನಮಗೆ ಹೊಸದಲ್ಲ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ (1025) ಪಾಕಕ್ಕೂ ಜಾಗವಿದೆ. ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲೇ ಬರೆದ. ಅವು ಅಡುಗೆ ಬಲ್ಲವರಿಗೆ ಹೇಳಿದ ಮಾತುಗಳು. ವಾರಪತ್ರಿಕೆಯ ಓದುಗರು ಬೇರೆ: ಗಂಡನಿಗೆ ವರ್ಗವಾಗಿ ಗೊತ್ತಿಲ್ಲದ ಊರಿಗೆ ಬಂದವರು, ಅತ್ತೆ-ಅಮ್ಮ ಹತ್ತಿರವಿಲ್ಲದವರು. ಮದರಾಸಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ‘ಸಮೈತ್ತು ಪಾರ್’ ತಂದಾಗ ಅವರ ಕಣ್ಣೆದುರು ಇದ್ದವರೂ ಹೊಸದಾಗಿ ಸಂಸಾರ ಹೂಡಿದ ಇಂಥವರೇ. ನಮ್ಮಲ್ಲಿ 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಬಂದವು. ಓದುಗರೇ ಬರೆದು ಕಳಿಸುವ ‘ಬೇಕಾಗುವ ಸಾಮಗ್ರಿ’, ‘ಮಾಡುವ ವಿಧಾನ’ಗಳಿಗೆ ಇಂಥ ಪತ್ರಿಕೆಗಳು ಮನೆಮನೆಯ ದಾರಿ ಮಾಡಿಕೊಟ್ಟವು.

ಈ ಪುಟಗಳು ಹಬ್ಬುವ ಹೊತ್ತಿಗೆ ಅಳತೆಯೇ ಬದಲಾಗಿತ್ತು. 1956ರ ಕಾಯ್ದೆಯ ಪ್ರಕಾರ 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಬಂತು. ಅಂಗಡಿಯಲ್ಲಿ ಸೇರು ಹೋಗಿ ಕಿಲೋ ಆಯಿತು. ಅಡುಗೆಮನೆ ಅಷ್ಟು ಬೇಗ ಒಪ್ಪಲಿಲ್ಲ. ಅಕ್ಕಿ ಅಳೆಯಲು ಪಾವು, ಚಟಾಕು, ಹವ್ಯಕರ ಮನೆಗಳಲ್ಲಿ ಕುಡ್ತೆ ಉಳಿದವು. ರಾಜಿಯಾಗಿ ಪತ್ರಿಕೆಗಳು ಹಿಡಿದದ್ದು ಕಪ್ಪನ್ನು. ಯಾವ ಕಪ್? ಅಳತೆಯ ಕಪ್ ಸುಮಾರು 240 ಮಿಲಿಲೀಟರ್. ಮನೆಯ ಕಾಫಿ ಕಪ್ ಅದಕ್ಕಿಂತ ಚಿಕ್ಕದು. ಉಪ್ಪಿಟ್ಟಿಗೆ ಇದರಿಂದ ಏನೂ ಆಗದು, ರವೆಗೂ ನೀರಿಗೂ ಅದೇ ಕಪ್ ಆದರೆ ಸಾಕು. ಕೇಕಿಗೆ ಹಾಗಲ್ಲ. ಮೈದಾ, ಸಕ್ಕರೆಯ ಕಪ್ ಚಿಕ್ಕದಾಗಿ ಸೋಡದ ಚಮಚ ಮಾತ್ರ ಅಷ್ಟೇ ಉಳಿದರೆ ಕೇಕ್ ಉಬ್ಬಿ ಕುಸಿಯುತ್ತದೆ, ಸೋಡದ ವಾಸನೆಯೂ ನಿಲ್ಲುತ್ತದೆ.

ಕೇಕಿನ ಕತೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಮೂಲ ಪಾಕಕ್ಕೆ ಓವನ್ ಬೇಕು, ಮೊಟ್ಟೆ ಬೇಕು. ಎಷ್ಟೋ ಮನೆಗಳಲ್ಲಿ ಎರಡೂ ಇರಲಿಲ್ಲ. ಪ್ರೆಸ್ಟೀಜ್, ಹಾಕಿನ್ಸ್ ಕುಕ್ಕರುಗಳು 1959ರಲ್ಲೇ ಬಂದಿದ್ದವು. ಕುಕ್ಕರಿನ ತಳಕ್ಕೆ ಮರಳೋ ಉಪ್ಪೋ ಹರಡಿ, ಗ್ಯಾಸ್ಕೆಟ್ ಮತ್ತು ವೆಯ್ಟ್ ತೆಗೆದು, ನೀರು ಹಾಕದೆ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಟ್ಟು ಅದನ್ನೇ ಓವನ್ ಮಾಡಿಕೊಂಡರು. ಮೊಟ್ಟೆಯ ಬದಲು ಹುಳಿ ಮೊಸರು, ಸೋಡ. ಹುಳಿಯೂ ಸೋಡವೂ ಸೇರಿ ಹುಟ್ಟುವ ಅನಿಲವೇ ಹಿಟ್ಟನ್ನು ಎತ್ತುತ್ತದೆ. ಆಮೇಲೆ ಈ ಉಪಾಯಗಳೂ ಪುಟಕ್ಕೆ ಹೋಗಿ ಅಚ್ಚಾದವು. ಮನೆಯ ತಿದ್ದುಪಡಿ ಮುಂದಿನವರಿಗೆ ಮೂಲವಾಯಿತು.

ಅದೇ ಕುಕ್ಕರ್ ಇನ್ನೊಂದು ವಿಚಿತ್ರ ಅಳತೆಯನ್ನೂ ತಂದಿತು: ‘ಮೂರು ವಿಷಲ್ ಕೂಗಿಸಿ’. ಉರಿ ಎಷ್ಟು, ನೀರು ಎಷ್ಟು ಎಂಬುದರ ಮೇಲೆ ಮೂರು ವಿಷಲಿಗೆ ಐದು ನಿಮಿಷವೂ ಆದೀತು, ಹದಿನೈದೂ ಆದೀತು. ಪಾಕ ಬರೆಯುವವರು ಇಂದಿಗೂ ಇದನ್ನು ಬಿಟ್ಟಿಲ್ಲ.

ಅಡುಗೆ ಪುಟದ ದೊಡ್ಡ ಗುಣ, ಒಂದು ಸೀಮೆಯ ಅಡುಗೆಯನ್ನು ಇನ್ನೊಂದು ಸೀಮೆಗೆ ಒಯ್ದದ್ದು. ಅದರ ದೊಡ್ಡ ದೋಷವೂ ಅಲ್ಲೇ ಇದೆ. ‘ಒಣಮೆಣಸಿನಕಾಯಿ 15’ ಎಂದು ಬರೆದ ಮಂಗಳೂರಿನವರ ಮನಸ್ಸಿನಲ್ಲಿರುವುದು ಬ್ಯಾಡಗಿ. ಬಣ್ಣ ಹೆಚ್ಚು, ಖಾರ ಕಡಿಮೆ. ಅದನ್ನೇ ನಂಬಿ ಗುಂಟೂರು ಮೆಣಸಿನಕಾಯಿ ಹದಿನೈದು ಅರೆದವರ ಗತಿ ಹೇಳಬೇಕೆ! ಧಾರವಾಡದ ಕಡೆಯವರು ಕಾಯಿತುರಿ ಇದ್ದಲ್ಲಿ ಶೇಂಗಾಪುಡಿಯನ್ನೋ ಗುರೆಳ್ಳನ್ನೋ ಹಾಕಿದರು. ಈರುಳ್ಳಿ-ಬೆಳ್ಳುಳ್ಳಿ ತಿನ್ನದವರು ಇಂಗಿನ ಮೊರೆ ಹೋದರು. ಇವನ್ನು ಕೆಲವರು ಅಪಚಾರ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಊರಿನ ಸಂತೆಯಲ್ಲಿ ಸಿಗುವುದರಿಂದ ತಾನೇ ಊಟ?

ಮುಂದಿನದು ಎಲ್ಲರಿಗೂ ಗೊತ್ತು. ಟಿವಿಯಲ್ಲಿ ಸಿಹಿಕಹಿ ಚಂದ್ರು ‘ಬೊಂಬಾಟ್ ಭೋಜನ’ ಬಡಿಸಿದರು, ಈಗ ಯೂಟ್ಯೂಬ್. ಒಗ್ಗರಣೆಯ ಬಣ್ಣ, ಪಾಕದ ಎಳೆ ಕಣ್ಣಿಗೇ ಕಾಣುವುದು ನಿಜವಾದ ಲಾಭ. ಬೀದಿಯ ಗೋಬಿ ಮಂಚೂರಿಯೂ ಮನೆಗೆ ಬಂತು, ಹೆಚ್ಚಾಗಿ ಬಣ್ಣದ ಪುಡಿ ಕಳೆದುಕೊಂಡು. ಅದರಲ್ಲಿ ಕೃತಕ ಬಣ್ಣ ಬಳಸಬಾರದೆಂದು ರಾಜ್ಯ ಸರ್ಕಾರ ಆದೇಶಿಸಿದ್ದು 2024ರ ಮಾರ್ಚಿನಲ್ಲಿ.

ಅಡುಗೆ ಪುಟಕ್ಕೆ ಬರೆಯುವವರಲ್ಲಿ ಒಂದು ವಿನಂತಿ. ಕಪ್ ಎಷ್ಟು ಮಿಲಿಲೀಟರಿನದು, ಉಪ್ಪು ಕಲ್ಲೋ ಪುಡಿಯೋ, ಮೆಣಸಿನಕಾಯಿ ಯಾವುದು, ಪಾಕ ಯಾವ ಊರಿನದು, ಇಷ್ಟನ್ನು ತಪ್ಪದೆ ನಮೂದಿಸಿ. ಮಿಕ್ಕದ್ದನ್ನು ಮನೆಯವರು ತಿದ್ದಿಕೊಳ್ಳುತ್ತಾರೆ.