ಹೊಳೆಯ ಈಚೆ, ಹೊಳೆಯ ಆಚೆ: ಹೆಣ್ಮಕ್ಕಳ ಹೊಲದ ಪಾಲು

ಗಂಡು-ಹೆಣ್ಣು ಸಮಾನ ಅನ್ನೋದರಾಗ ಯಾವ ದೇಶ ಮುಂದೈತಿ, ಯಾವುದು ಹಿಂದೈತಿ ಅಂತ ಪೇಪರಿನಲ್ಲಿ ಬರೀತಾರೆ. ಅದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಮಂತ್ರಾಲಯದಲ್ಲಿ ತುಂಗಭದ್ರೆ ದಾಟಿದರೆ ಸಾಕು. ಈಚೆ ಆಂಧ್ರ, ಆಚೆ ರಾಯಚೂರು ಜಿಲ್ಲೆ. ಎರಡೂ ದಂಡೆಗೆ ಅದೇ ಜೋಳ, ಅದೇ ಹತ್ತಿ, ಅದೇ ಮಾತು. ಹೆಣ್ಣು ಕೊಟ್ಟು ತರೋದೂ ಐತಿ. ಆದರೆ ಹೊಲದ ಹಕ್ಕು ಎರಡೂ ಕಡೆ ಒಂದೇ ದಿನ ಬರಲಿಲ್ಲ.

ಹಿಂದೆ ನಮ್ಮ ಆದೋನಿ ಸೀಮೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ರಾಯಚೂರು ನಿಜಾಮನ ಕೈಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು. 1956ರಲ್ಲಿ ರಾಯಚೂರು ಮೈಸೂರು ರಾಜ್ಯ ಸೇರಿತು. ಅದೇ ವರ್ಷ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಅಪ್ಪ ಮರಣಪತ್ರ ಬರೆಯದೆ ತೀರಿದರೆ ಅವನ ಸ್ವಂತ ಗಳಿಕೆಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತಾಯಿತು. ಪಿತ್ರಾರ್ಜಿತ ಹೊಲದಲ್ಲಿ ಮಾತ್ರ ಮಗ ಹುಟ್ಟಿದಾಗಲೇ ಪಾಲುದಾರ, ಮಗಳು ಅಲ್ಲ. ನಮ್ಮಂಥವರ ಹೊಲವೆಲ್ಲ ಅಜ್ಜ ಮುತ್ತಜ್ಜನದೇ ಅಲ್ಲವೇ?

ಎನ್.ಟಿ. ರಾಮರಾವ್ ಮುಖ್ಯಮಂತ್ರಿ ಇದ್ದಾಗ ಆಂಧ್ರ ಈ ಕಾಯ್ದೆ ತಿದ್ದಿತು. 1986ರಲ್ಲಿ ಆದ ಆ ತಿದ್ದುಪಡಿ 1985ರ ಸೆಪ್ಟೆಂಬರ್ 5ರಿಂದಲೇ ಜಾರಿ. ಮಗಳೂ ಹುಟ್ಟಿನಿಂದ ಪಾಲುದಾರಳು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವಳಿಗೆ ಇಲ್ಲ. ಕರ್ನಾಟಕದಲ್ಲಿ ಇಂಥದೇ ಕಾಯ್ದೆ ಬಂದದ್ದು 1994ರ ಜುಲೈ 30ಕ್ಕೆ, ಇದೇ ಷರತ್ತಿನೊಡನೆ.

ಇದರ ಫಲ ನಮ್ಮ ಮನೆಯಲ್ಲೇ ಐತಿ. ನನ್ನ ತಂಗಿಯ ಮದುವೆ 1988ರಲ್ಲಿ. 1996ರಲ್ಲಿ ಅಪ್ಪ ಇರುವಾಗಲೇ ಎಂಟು ಎಕರೆ ಪಾಲಾಯಿತು. ತಂಗಿ ‘ನನಗ ಹೊಲ ಬ್ಯಾಡಪ್ಪ’ ಅಂದಳು. ನಮ್ಮವ್ವ, ‘ಬ್ಯಾಡ ಅನ್ನಾಕ ಮೊದಲು ಆಕೀದು ಎಷ್ಟು ಬರ್ತೈತಿ ಅಂತ ಹೇಳ್ರಿ’ ಅಂದಳು. ಅಪ್ಪ, ನಾವಿಬ್ಬರು ಅಣ್ಣತಮ್ಮಂದಿರು, ತಂಗಿ, ನಾಲ್ಕು ಪಾಲು. ಎರಡು ಎಕರೆ ಅಂತ ಕೇಳಿದ ಮೇಲೆ ತಂಗಿ ಸುಮ್ಮನಾದಳು, ಆಮೇಲೆ ತಗೊಂಡಳು. ನನ್ನ ಹೆಂಡತಿ ಹೊಳೆ ಆಚೆಯವಳು. ಮದುವೆ 1984ರಲ್ಲಿ. ಆಕೆಯ ತವರಿನವರು 1998ರಲ್ಲಿ ರಿಜಿಸ್ಟರ್ ಪಾಲು ಮಾಡಿಕೊಂಡರು. ಆಕೆಗೆ ಬಂದದ್ದು ಸೀರೆ, ಕುಬುಸ. ಇಬ್ಬರೂ ಅಪ್ಪನ ಹೊಲದಾಗ ಕಳೆ ತೆಗೆದು, ಹತ್ತಿ ಬಿಡಿಸಿದವರೇ.

2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಒಂದೇ ಕಾಯ್ದೆ ಆಯಿತು. ಮದುವೆಯಾದವಳಿಗೂ ಹಕ್ಕು ಬಂತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ರಿಜಿಸ್ಟರ್ ಆದ ಪಾಲನ್ನು ಮುಟ್ಟುವಂತಿಲ್ಲ. ಹಂಗಾಗಿ ನನ್ನ ಹೆಂಡತಿಗೆ ಅದು ದಕ್ಕಲಿಲ್ಲ. 2005ಕ್ಕೆ ಅಪ್ಪ ಬದುಕಿರಬೇಕೋ ಬ್ಯಾಡೋ ಅನ್ನೋ ತಕರಾರನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಬಗೆಹರಿಸಿತು: ಬದುಕಿರಬೇಕಾಗಿಲ್ಲ.

ಬೇರೆ ದೇಶದವರೂ ಹಿಂದೆಮುಂದೆ ನಡೆದವರೇ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸು ಆಸ್ತಿಯನ್ನು ಪೂರ್ತಿ ತನ್ನದಾಗಿ ಇಟ್ಟುಕೊಳ್ಳಲು 1882ರ ಕಾಯ್ದೆ ಬರಬೇಕಾಯಿತು. ನೇಪಾಳದ 2015ರ ಸಂವಿಧಾನ ಪಿತ್ರಾರ್ಜಿತದಲ್ಲಿ ಮಕ್ಕಳಿಗೆಲ್ಲ ಸಮಾನ ಹಕ್ಕು ಕೊಟ್ಟಿತು. ಬಾಂಗ್ಲಾದೇಶದ ಹಿಂದೂ ಮನೆಗಳಲ್ಲಿ ಗಂಡುಮಗ ಇದ್ದರೆ ಮಗಳಿಗೆ ಅಪ್ಪನ ಆಸ್ತಿಯಲ್ಲಿ ಇನ್ನೂ ಪಾಲಿಲ್ಲ. ಈ ಲೆಕ್ಕದಲ್ಲಿ ನಾವು ಮುಂದೆಯೇ ಇದ್ದೇವೆ.

ಆದರೆ ಕಾಯ್ದೆ ಇದ್ದಲ್ಲೆಲ್ಲ ಹೊಲ ಇಲ್ಲ. ನಾನು ಹಾಡುವ ಪದಗಳಲ್ಲಿ ಹೆಣ್ಮಗಳು ಅಣ್ಣನನ್ನು ಪಂಚಮಿಗೆ ಕರೆಯಲು ಬಾ ಅಂತಾಳೆ, ಸೀರೆ ಕೇಳ್ತಾಳೆ. ಹೊಲ ಕೇಳುವ ಪದ ನನಗೆ ಒಂದೂ ಬರೋದಿಲ್ಲ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು ಅನ್ನೋ ಅಂಜಿಕೆ. ಅದಕ್ಕೇ ಕರೆದಾಗ ಬಂದು, ಹಕ್ಕು ಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಅರಿಶಿನ ಕುಂಕುಮ ತಗೊಂಡು ಹೋಗ್ತಾರೆ. ನಮ್ಮ ತಂಗಿ ಎರಡು ಎಕರೆ ತಗೊಂಡಳು. ಪಂಚಮಿಗೆ ಈಗಲೂ ಬರ್ತಾಳೆ.

ಅಣ್ಣತಮ್ಮಂದಿರಲ್ಲಿ ನನ್ನ ಮಾತು ಇಷ್ಟೇ. ಅಕ್ಕತಂಗಿ ಪಾಲು ಬಿಡಲಿ, ತಗೊಳ್ಳಲಿ, ಅದು ಅವರ ಮನಸ್ಸು. ಹೆಬ್ಬೆಟ್ಟಿಗೆ ಮಸಿ ಹಚ್ಚುವ ಮೊದಲು ಎಷ್ಟು ಎಕರೆ, ಯಾವ ಸರ್ವೇ ನಂಬರು ಅಂತ ಗಟ್ಟಿಯಾಗಿ ಓದಿ ಹೇಳಿರಿ.